ಒಂದೇ ದಿನದ ಕಥೆಗೆ ಹೊಲಿದ ಅಂಗಿ

ಭಾವನವರ ಸನ್ನಿಧಿಗೆ,

ಸನ್ನಿಧಿ ಎಂದದ್ದಕ್ಕೆ ನಗಬೇಡಿ. ಎಲ್ಲಿದ್ದಾರೆಂದು ತಿಳಿಯದವರಿಗೆ ಬರೆಯಲು ಕೂತರೆ ಇಂಥ ದೊಡ್ಡ ಪದಗಳೇ ಕೈಗೆ ಸಿಗುತ್ತವೆ. ನಾವಿಲ್ಲಿ ಕ್ಷೇಮ ಎಂದು ಶುರು ಮಾಡುವುದು ರೂಢಿ. ಅದು ಪೂರ್ತಿ ನಿಜವಲ್ಲ. ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ಸೇರಿಸುವುದೂ ರೂಢಿ; ಅದನ್ನು ಕೇಳುವ ಧೈರ್ಯ ನನಗಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸಿನಿಮಾ ಮುಗಿಯಿತು. ಮುಗಿದದ್ದನ್ನು ನಾಳೆ ಮತ್ತೆ ಬಿಚ್ಚಬೇಕೆಂದಿದ್ದೇನೆ. ಬಿಚ್ಚುವ ಮೊದಲು ನಿಮ್ಮನ್ನೊಂದು ಮಾತು ಕೇಳಬೇಕು. ಅದಕ್ಕೇ ಈ ಕಾಗದ.

ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪ್ರೆಸ್ಸಿನಲ್ಲಿ ಕೂತು ಬೇರೆಯವರ ಕರಡು ತಿದ್ದುವ ನಾನು, ನಲವತ್ತೈದರ ಹೊಸ್ತಿಲಲ್ಲಿ ನಿಂತು ಭಾನುವಾರದ ಸಿನಿಮಾ ಕೋರ್ಸಿಗೆ ಸೇರಿದೆ ಎಂದಾಗ, ಕಾಜ ಹೊಲಿಯುತ್ತಿದ್ದ ಅಕ್ಕ ಕಣ್ಣು ಮೇಲೆತ್ತದೆಯೇ "ಇದೂ ಒಂದು ಆಗ್ಲಿ" ಅಂದಳು. ನೀವು ಮಾತ್ರ ಹೊಲಿಗೆ ಮೆಷಿನ್ ನಿಲ್ಲಿಸಿ, ಕುತ್ತಿಗೆಯ ಟೇಪನ್ನು ಸರಿಮಾಡಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ಕಣ್ಣಲ್ಲೇ ಅಳೆದಿರಿ. "ಕೊಳಲು ಬರೀ ಗಾಳಿಗೇ ನಿಂತ್ಹೋಯ್ತು. ಈಜು ಮೊಣಕಾಲು ನೀರಿಗೇ ನಿಂತ್ಹೋಯ್ತು. ಇದು ಎಲ್ಲಿವರೆಗೆ ಹೋಗುತ್ತೆ ಪ್ರಾಸಪ್ಪ?"

ಪ್ರಾಸಪ್ಪ ಎನ್ನುವ ಹೆಸರು ನನಗೆ ಅಂಟಿದ್ದು ನಿಮ್ಮ ಅಂಗಡಿಯ ಬೋರ್ಡಿನಿಂದ. "ಒಮ್ಮೆ ತೊಟ್ಟರೆ ನಮ್ಮ ಅಂಗಿ, ಬೇರೆ ಅಂಗಡಿ ಯಾಕೆ ತಂಗಿ" ಎಂದು ನಾನು ಬರೆದುಕೊಟ್ಟೆ, ನೀವು ಓದದೆ ಬರೆಸಿಬಿಟ್ಟಿರಿ. ಬೋರ್ಡು ಮೇಲೇರಿದ ಮೇಲೆ ರಸ್ತೆಯ ಆ ಬದಿಗೆ ಹೋಗಿ ನಿಂತು ಓದಿ, ಮೆಲ್ಲಗೆ ವಾಪಸು ಬಂದು ಕೇಳಿದಿರಿ: "ನಾನು ಹೊಲಿಯೋದು ಗಂಡಸರ ಬಟ್ಟೆ. ಈ ತಂಗಿ ಎಲ್ಲಿಂದ ಬಂದ್ಳಪ್ಪ?" ಪ್ರಾಸಕ್ಕೆ ಬಂದಳು ಭಾವ, ಎಂದೆ. "ಬಂದವಳು ಬಾಡಿಗೆ ಏನಾದ್ರೂ ಕೊಡ್ತಾಳಾ ಕೇಳು" ಅಂದಿರಿ. ಬೋರ್ಡನ್ನು ಮಾತ್ರ ಇಳಿಸಲಿಲ್ಲ.

ನನ್ನ ಸಿನಿಮಾಕ್ಕೆ ಬೇಕಾದದ್ದು ಒಬ್ಬನೇ ಮನುಷ್ಯ. ಬೆಳಿಗ್ಗೆ ಬಸ್ಸಿಳಿದು, ಸಂಜೆಯೊಳಗೆ ಬಾಡಿಗೆಗೆ ಒಂದು ಕೋಣೆ ಹುಡುಕಬೇಕಾದವನು. ಬಾಗಿಲು ಬಾಗಿಲಿಗೂ ಇಲ್ಲ ಅನ್ನಿಸಿಕೊಂಡು, ಕಡೆಗೆ ಖಾಲಿ ಮನೆಯೊಂದರ ನೆಲದ ಮೇಲೆ ಸ್ವಲ್ಪ ಹೊತ್ತು ಕೂತು, ಅದೂ ಸಿಗದೆ ಬೀಗದ ಕೈ ವಾಪಸು ಕೊಟ್ಟು ಹೋಗುವವನು. ಬೆಳಿಗ್ಗೆ ತುಂಬಿಕೊಂಡು ಬಂದವನು ಸಂಜೆಗೆ ಸೋರಿಹೋಗಬೇಕು. ಇಡೀ ಕಥೆ ಅಷ್ಟೇ. ನೀವೇ ಮಾಡಬೇಕು ಎಂದಾಗ "ನನಗೆಲ್ಲಿ ನಟನೆ ಬರುತ್ತೆ" ಎಂದು ಕತ್ತರಿಯ ಹಿಂದೆ ಅಡಗಿಕೊಂಡಿರಿ. ನಾಳೆ ಕೊಡ್ತೀನಿ, ಗುಂಡಿ ಒಂದು ಬಾಕಿ, ಎಂದು ಗಿರಾಕಿಗಳ ಕಣ್ಣಲ್ಲಿ ಕಣ್ಣಿಟ್ಟು ಇಷ್ಟು ವರ್ಷ ಹೇಳಿದವರಿಗೆ ಇನ್ನು ಯಾವ ನಟನೆ ಕಲಿಸಬೇಕು ಭಾವ, ಎಂದೆ. ಅಕ್ಕ ಅಂದು ನಕ್ಕದ್ದು ನೆನಪಿದೆ. ಬಾಯಲ್ಲಿದ್ದ ದಾರ ಬಿದ್ದುಹೋಗುವಷ್ಟು ನಕ್ಕಳು.

ಅಂಗಿ ನೀವೇ ಹೊಲಿದಿರಿ. ಬಿಳಿ ಬಟ್ಟೆಯ ಮೇಲೆ ನೀಲಿ ಪಟ್ಟೆ, ಎಡಕ್ಕೆ ಜೇಬು. ಒಂದೇ ದಿನದ ಕಥೆಯಾದ್ದರಿಂದ ಕಡೆಯವರೆಗೂ ಒಂದೇ ಅಂಗಿ. ಆದರೆ ಕ್ಯಾಮೆರಾ ನಮಗೆ ಸಿಗುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಎಲ್ಲ ಭಾನುವಾರ ಅಲ್ಲ. ಒಂದು ದಿನದ ಕಥೆ ತೆಗೆಯಲು ತಿಂಗಳುಗಳೇ ಹಿಡಿದವು. ಕ್ರಮವೂ ತಿರುಗುಮುರುಗು. ಸಿನಿಮಾವನ್ನು ಕಥೆ ನಡೆದ ಹಾಗೆ ತೆಗೆಯುವುದಿಲ್ಲ, ಜಾಗ ಸಿಕ್ಕ ಹಾಗೆ ತೆಗೆಯುತ್ತಾರೆ ಎಂದು ನಮ್ಮ ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು. ಆ ಖಾಲಿ ಮನೆಗೆ ಹೊಸ ಬಾಡಿಗೆಯವರು ಬರುವ ಮೊದಲೇ ಕೆಲಸ ಮುಗಿಸಬೇಕಿತ್ತು. ಹಾಗಾಗಿ ಕಥೆಯ ಕೊನೆಯನ್ನು ಮೊದಲ ಭಾನುವಾರವೇ ತೆಗೆದೆವು. ಬಸ್ಸಿಳಿದು ಬರುವ ಮೊದಲ ದೃಶ್ಯ ಎಲ್ಲಕ್ಕಿಂತ ಕೊನೆಗೆ ಉಳಿಯಿತು.

ಶೂಟಿಂಗ್ ಮುಗಿದ ಕೂಡಲೇ ಅಂಗಿಯನ್ನು ಮಡಿಸಿ ನೀವೇ ಒಯ್ಯುತ್ತಿದ್ದಿರಿ. "ನಿನ್ನ ಹತ್ರ ಕೊಟ್ರೆ ಬಕೆಟ್‌ನಲ್ಲೇ ಮರೆತುಬಿಡ್ತೀಯ." ನಟನೆಯ ಮೇಲೆ ನಿಮಗೆ ಇಷ್ಟು ನಿಷ್ಠೆ ಬಂದದ್ದು ಯಾವಾಗ ಎಂದು ನಾನು ಬೆರಗಾದೆ. ಪ್ರತಿ ಸಲವೂ ಅಂಗಿ ನಿಮ್ಮ ಮೈಗೆ ಅಚ್ಚು ಹೊಡೆದ ಹಾಗೆ ಕೂತಿರುತ್ತಿತ್ತು. ಒಮ್ಮೆ ಕೇಳಿದೆನಲ್ಲ, ಸ್ವಲ್ಪ ಇಳಿದ ಹಾಗಿದೆಯಲ್ಲ ಭಾವ, ಎಂದು? "ಹೀರೋ ಅಂದ್ಮೇಲೆ ಇಳೀಬೇಡ್ವಾ? ಅಲ್ದೆ ನಿಮ್ಮಕ್ಕನ ಕೈಯಡುಗೆ ತಿಂದು ದಪ್ಪ ಆದೋರನ್ನ ಯಾರನ್ನಾದ್ರೂ ತೋರ್ಸು." ನಾನು ನಕ್ಕು ಕ್ಯಾಮೆರಾ ಹುಡುಗಿಯ ಕಡೆ ತಿರುಗಿದೆ. ನನ್ನ ಸಹಪಾಠಿಗಳಲ್ಲೆಲ್ಲ ಚುರುಕಾದ ಆ ಹುಡುಗಿ, ನನ್ನ ಅರ್ಧ ವಯಸ್ಸಿನವಳು, ಆವತ್ತು ನಗಲಿಲ್ಲ. "ಅಂಕಲ್, ಇಷ್ಟು ಸೆಖೆಯಲ್ಲಿ ಒಳಗೆ ಎರಡೆರಡು ಬನಿಯನ್ ಯಾಕೆ?" ಅಂದಳು. "ಬೆವರು ಹೊರಗೆ ಕಾಣಬಾರದಲ್ಲಮ್ಮ, ಬೆಳಗಿನ ದೃಶ್ಯ ಅಲ್ವಾ" ಎಂದು ನೀವು ಹೇಳಿದ್ದು ನನಗೆ ಎಷ್ಟು ಸರಿ ಅನ್ನಿಸಿತೆಂದರೆ, ಆ ಮಾತನ್ನು ಮರುದಿನ ಪ್ರೆಸ್ಸಿನಲ್ಲಿ ನಾಲ್ಕು ಜನಕ್ಕೆ ಹೇಳಿ ಹೊಗಳಿದೆ.

ಬಸ್‌ಸ್ಟಾಪಿನ ದೃಶ್ಯ ತೆಗೆದ ವಾರದಲ್ಲೇ ನೀವು ಆಸ್ಪತ್ರೆ ಸೇರಿದಿರಿ. ಹೊಟ್ಟೆಯಲ್ಲಿನ ಗಡ್ಡೆಯ ವಿಷಯ ನಿಮಗೂ ಅಕ್ಕನಿಗೂ ಎರಡನೆಯ ಭಾನುವಾರದ ಹೊತ್ತಿಗೇ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗ. ವಾರ್ಡಿನ ಕಬ್ಬಿಣದ ಮಂಚದ ಪಕ್ಕದಲ್ಲಿ, ಕಾಲು ಅಲುಗುವ ಸ್ಟೂಲಿನ ಮೇಲೆ ಕೂತು ನಾನು ಫೋನಿನಲ್ಲಿದ್ದ ಒಂದೆರಡು ಶಾಟ್ ತೋರಿಸಹೋದರೆ ನೀವು ಮುಖ ತಿರುಗಿಸಿದಿರಿ. "ಅರ್ಧ ಹೊಲಿದಿದ್ದನ್ನ ತೋರಿಸಬಾರದು ಕಣೋ. ಮುಗಿಸಿ ತಗೊಂಬಾ. ಇದೊಂದನ್ನಾದ್ರೂ ಮುಗಿಸು." ನಾನು ಮುಗಿಸುವ ಮೊದಲು ನೀವು ಮುಗಿಸಿದಿರಿ. ಗಿರಾಕಿಗೆ ಹೇಳಿದ ದಿನಕ್ಕೆ ಎಂದೂ ಕೊಡದ ಮನುಷ್ಯ, ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಹೊರಟುಬಿಟ್ಟಿರಿ.

ಇನ್ನು ಎಡಿಟಿಂಗ್ ಕೋಣೆಯ ವಿಷಯ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಸಣ್ಣ ಗೂಡು ಅದು. ಒಳಗಿನ ಫ್ಯಾನಿನ ಸದ್ದಿಗೆ ತಾನೇ ಬೇಸತ್ತ ಹಾಗೆ ಆಗಾಗ ನಿಂತುಹೋಗುವ ಕಂಪ್ಯೂಟರು, ಒಂದು ಕೈ ಮುರಿದ ಕುರ್ಚಿ. ಕ್ಯಾಮೆರಾ ಹುಡುಗಿಯೂ ನಾನೂ ಎಲ್ಲ ದೃಶ್ಯಗಳನ್ನು ಕಥೆಯ ಕ್ರಮಕ್ಕೆ ಜೋಡಿಸಿ ಮೊದಲ ಸಲ ಓಡಿಸಿದೆವು. ಬೆಳಿಗ್ಗೆ ಬಸ್ಸಿನಿಂದ ಒಬ್ಬ ಒಣಕಲು ಮನುಷ್ಯ ಇಳಿದ. ಮೊದಲ ಮನೆಯವರು ಇಲ್ಲ ಅಂದರು. ಅವನ ಕೆನ್ನೆ ಸ್ವಲ್ಪ ತುಂಬಿತು. ಎರಡನೆಯವರು ಬಾಗಿಲೇ ತೆರೆಯಲಿಲ್ಲ. ಕುತ್ತಿಗೆಯ ನರ ಮರೆಯಾಯಿತು. ಸಂಜೆ, ಎಲ್ಲ ಕಳೆದುಕೊಂಡು ನೆಲದ ಮೇಲೆ ಕೂರುವ ಹೊತ್ತಿಗೆ ದುಂಡುಮುಖದ, ಹೊಟ್ಟೆ ತುಂಬಿದ, ಒಳ್ಳೆ ನಿದ್ದೆ ಮಾಡಿ ಎದ್ದ ಹಾಗಿರುವ ಮನುಷ್ಯ. ಇಲ್ಲ ಅನ್ನಿಸಿಕೊಂಡಷ್ಟೂ ಮೈ ಹಿಡಿಯುವವನ ಕಥೆ. ಹುಡುಗಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ನಾನೂ ನಕ್ಕೆ, ಸುಳ್ಳು ಹೇಳಲಾರೆ. ನಗು ನಿಂತ ಮೇಲೆ ಹುಡುಗಿ ಅದನ್ನು ಮೊದಲಿನಿಂದ ಮತ್ತೆ ಓಡಿಸಿದಳು.

ಆಗ ಜೇಬು ಕಣ್ಣಿಗೆ ಬಿತ್ತು. ಖಾಲಿ ಮನೆಯ ದೃಶ್ಯದಲ್ಲಿ ಜೇಬಿನಿಂದ ಕಂಕುಳ ಕಡೆಗೆ ಪಟ್ಟೆಗಳು ಧಾರಾಳವಾಗಿದ್ದವು. ಮುಂದಿನ ಭಾನುವಾರಗಳಲ್ಲಿ ಅವು ಒಂದೊಂದಾಗಿ ಪಕ್ಕದ ಹೊಲಿಗೆಯೊಳಗೆ ಹೋಗಿದ್ದವು. ಬಸ್‌ಸ್ಟಾಪಿನಲ್ಲಿ ಜೇಬಿನ ಅಂಚು ಹೊಲಿಗೆಗೇ ಬಂದು ತಾಗಿತ್ತು. ಅಕ್ಕನನ್ನು ಕೇಳಿದೆ. ಅವಳು ಅಂಗಡಿಯ ಮೇಜನ್ನು ಒರೆಸುತ್ತಾ, ಒರೆಸಿದಲ್ಲೇ ಮತ್ತೆ ಒರೆಸುತ್ತಾ ಹೇಳಿದಳು: "ಶನಿವಾರ ಶನಿವಾರ ಪಕ್ಕ ಹಿಡಿದು ಬಿಗಿ ಮಾಡ್ತಿದ್ರು. ಬಿಚ್ಚಿದ್ದು ನಾನು, ಹೊಲಿದಿದ್ದು ಅವ್ರು. ಸಡಿಲ ಆದ್ರೆ ಅವನಿಗೆ ಗೊತ್ತಾಗುತ್ತೆ, ಗೊತ್ತಾದ್ರೆ ನಿಲ್ಲಿಸಿಬಿಡ್ತಾನೆ, ಅವನಿಗೆ ನಿಲ್ಲಿಸಕ್ಕೆ ಒಂದು ನೆಪ ಸಾಕು ಅಂತಿದ್ರು."

ಮೇಷ್ಟ್ರಿಗೆ ಆ ಜೋಡಣೆ ತೋರಿಸಿದೆ, ವಿಷಯವನ್ನೂ ಹೇಳಿದೆ. ಅವರು ಕೆಟ್ಟವರಲ್ಲ ಭಾವ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಮೆಲ್ಲಗೆ ಅಂದರು: "ತಿರುಗಿಸಿ ಇದನ್ನ. ತೆಗೆದ ಕ್ರಮದಲ್ಲೇ ಜೋಡಿಸಿ. ಖಾಲಿ ಮನೆ ಮೊದಲು, ಬಸ್‌ಸ್ಟಾಪು ಕೊನೆ. ಬಾಗಿಲಿಂದ ಬಾಗಿಲಿಗೆ ಮನುಷ್ಯ ಕರಗ್ತಾ ಹೋಗ್ತಾನೆ. ಇಂಥದ್ದು ನಟಿಸಿದ್ರೆ ಬರಲ್ಲ ರೀ. ನೀವು ಅದೃಷ್ಟವಂತರು."

ಆ ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೇ ಕೇಳಿಸಿತು ಅನ್ನಿಸುತ್ತದೆ. ಎದ್ದು ಹೋದರು.

ನಾನು ತಿರುಗಿಸಿದೆ. ಮಧ್ಯಾಹ್ನ ಶುರು ಮಾಡಿದ್ದು ಸಂಜೆಗೆ ಮುಗಿಯಿತು. ಎಲ್ಲವೂ ತಾನೇ ತಾನಾಗಿ ಕೂತವು. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಮನೆಯಿಂದ ಹೊರಬಿದ್ದ ತುಂಬು ಮನುಷ್ಯ ಒಬ್ಬ, ಊರಿನ ಬಾಗಿಲುಗಳಿಗೆ ಸವೆದು ಸವೆದು, ಕೊನೆಗೆ ಬಸ್‌ಸ್ಟಾಪಿನಲ್ಲಿ ಒಂದು ಚೀಲಕ್ಕೆ ಆತುಕೊಂಡ ಅಂಗಿಯಷ್ಟೇ ಆಗಿ ಉಳಿದ. ಅಷ್ಟು ಒಳ್ಳೆಯದನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ನನಗೆ ಅಳು ಬಂತು. ಅಳುವಿನ ಬೆನ್ನಿಗೇ, ಕಣ್ಣು ಇನ್ನೂ ಒದ್ದೆ ಇರುವಾಗಲೇ, ಇದನ್ನು ಯಾವ ಸ್ಪರ್ಧೆಗೆ ಕಳಿಸಬಹುದು ಎಂಬ ಯೋಚನೆಯೂ ಬಂತು. ಒಂದು ಹೆಸರೂ ಹೊಳೆಯಿತು, ಪ್ರಾಸಬದ್ಧವಾಗಿ. ಅದನ್ನಿಲ್ಲಿ ಬರೆಯುವುದಿಲ್ಲ.

ಏನನ್ನಾದರೂ ಮಾಡುತ್ತಾ ಕೂತಾಗ ಕೈಗೆ ಹಸಿವಿರುತ್ತದೆ. ಎದುರಿಗಿರುವುದು ಬಟ್ಟೆಯೋ ಭಾವನೋ ಅದು ನೋಡುವುದಿಲ್ಲ. ಇದು ಇಲ್ಲಿ ಚೆನ್ನಾಗಿ ಕೂರುತ್ತದೆ ಎಂದಷ್ಟೇ ನೋಡುತ್ತದೆ. ಈ ಕಲಿಕೆಯಲ್ಲಿ ನಾನು ಕಲಿತದ್ದು ಏನು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಬೇಕು, ಆದ್ದರಿಂದ ಯಾರೂ ಕೇಳದಿರಲಿ. ಆ ಜೋಡಣೆಯನ್ನು ಮತ್ತೆ ನೋಡಿದೆ. ಶನಿವಾರ ಶನಿವಾರ ನೀವು ಒಳಗೆ ಮಡಿಚಿದ್ದನ್ನೆಲ್ಲ ನಾನು ಹೊರಗೆ ಎಳೆದು ನೇತುಹಾಕಿದ ಹಾಗಿತ್ತು. ಎರಡು ಬನಿಯನ್ನಿನ ಸೆಖೆಯನ್ನು ನೀವು ಸಹಿಸಿದ್ದು ಇದಕ್ಕಲ್ಲವಲ್ಲ.

ಬಿಚ್ಚಿದೆ. ಮತ್ತೆ ಕಥೆಯ ಕ್ರಮಕ್ಕೇ ತಂದೆ. ಆದರೆ ಜನ ನಗಬಾರದು. ಹಾಗಾಗಿ ನಾನೂ ಪಕ್ಕ ಹಿಡಿಯಲು ಕೂತೆ. ಕೆನ್ನೆ ಕಾಣುವ ಶಾಟ್ ಕಿತ್ತುಹಾಕಿದೆ. ಬಸ್‌ಸ್ಟಾಪಿನಲ್ಲಿ ದೂರದ್ದನ್ನು ಮಾತ್ರ ಉಳಿಸಿದೆ. ಮುಖ ಇದ್ದ ಕಡೆ ಬೆನ್ನು ಹಾಕಿದೆ, ಬೆನ್ನು ಸಾಲದ ಕಡೆ ಗೇಟು ತಟ್ಟುವ ಕೈ, ಮೆಟ್ಟಿಲು ಹತ್ತುವ ಚಪ್ಪಲಿ. ಸಿನಿಮಾ ಸಣ್ಣಗಾಗುತ್ತಾ ಬಂತು. ಎಲ್ಲೂ ಏನೂ ಕಾಣದ ಹಾಗೆ ಆಯಿತು. ಸಾಧಾರಣವಾದ, ಯಾರ ತಂಟೆಗೂ ಹೋಗದ ಒಂದು ಕಿರುಚಿತ್ರ. ಮೇಷ್ಟ್ರು ನೋಡಿ, ಪಾಸು ಮಾಡಿ, "ಕೈಗೆ ಸಿಕ್ಕಿದ್ದನ್ನ ಕತ್ತರಿಸಿ ಎಸೆದ್ರಿ" ಅಂದರು. ನಾನು ಮನಸ್ಸಿನಲ್ಲೇ ನಿಮ್ಮ ಕಡೆ ತಿರುಗಿ, ಮುಗಿಸಿದೆ ಭಾವ, ನಿಮ್ಮ ಹೊಲಿಗೆ ಎಲ್ಲೂ ಕಾಣುವುದಿಲ್ಲ, ಎಂದೆ. ಸ್ವಲ್ಪ ಹೆಮ್ಮೆಯೂ ಪಟ್ಟೆ.

ಪ್ರದರ್ಶನಕ್ಕೆ ಅಕ್ಕ ಬಂದಳು. ನಮ್ಮ ಕೋರ್ಸು ನಡೆಯುವ ಕಾಲೇಜಿನ ಮೇಲಿನ ಮಹಡಿಯ ಹಾಲ್, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಬಿಳಿ ಪರದೆ. ಅವಳು ಮುಂದಿನ ಸಾಲಿನಲ್ಲಿ, ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಳು. ಸಿನಿಮಾ ಮುಗಿಯಿತು. ನಾಲ್ಕು ಚಪ್ಪಾಳೆ ಬಿದ್ದವು. ಅಕ್ಕ ಏಳಲಿಲ್ಲ. ಪಕ್ಕ ಹೋಗಿ ಕೂತೆ. ಅವಳು ಪರದೆಯ ಕಡೆಯೇ ನೋಡುತ್ತಾ, ಯಾವ ಸಿಟ್ಟೂ ಇಲ್ಲದೆ, ಅಂಗಡಿಯಲ್ಲಿ ಗುಂಡಿ ಎಲ್ಲಿಟ್ಟೆ ಎಂದು ಕೇಳುವ ದನಿಯಲ್ಲೇ ಕೇಳಿದಳು: "ಇವರ ಮುಖ ಎಲ್ಲೋ?"

ನಾನು ವಿವರಿಸಲು ಹೋದೆ. ಭಾವನಿಗೆ ಇಷ್ಟ ಇರಲಿಲ್ಲ, ಸೊರಗಿದ್ದು ಯಾರಿಗೂ ಕಾಣಬಾರದು ಅಂತ ತಾನೇ ಅವರು...

"ಯಾರಿಗೂ ಅಂದ್ರೆ ನಿಂಗೆ," ಅಂದಳು. "ನಾನು ಬಿಚ್ಚಿಕೊಟ್ಟೋಳು. ನನ್ನಿಂದ ಮುಚ್ಚಿಡೋದು ಏನಿದೆ? ಸೊರಗಿದ ಮುಖದ ಜೊತೆ ಸಂಸಾರ ಮಾಡಿದೀನಿ ಕಣೋ ಕೊನೇವರೆಗೂ. ಅದೂ ನನ್ನದೇ. ಅದನ್ನ ನೋಡಣ ಅಂತ ಬಂದೆ. ನೀನು ಚಪ್ಪಲಿ ತೋರಿಸಿ ಕಳಿಸ್ತಾ ಇದೀಯ."

ಅವಳನ್ನು ಎಡಿಟಿಂಗ್ ಕೋಣೆಗೆ ಕರೆದುಕೊಂಡು ಹೋದೆ. ಕೈ ಮುರಿದ ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾದಲ್ಲಿ ತೆಗೆದದ್ದನ್ನೆಲ್ಲ ತೆಗೆದ ಕ್ರಮದಲ್ಲೇ ಹಾಕಿದೆ. ಬಿಟ್ಟ ಶಾಟ್‌ಗಳು, ಕೆಟ್ಟ ಶಾಟ್‌ಗಳು, ನೀವು ಮಾತು ಮರೆತು ನಕ್ಕವು, ನಾನು ಬೈದವು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ನಡುವೆ ಒಮ್ಮೆ ಮಾತ್ರ "ಈ ಭಾನುವಾರ ಬೆಳಿಗ್ಗೆ ತಿಂದಿದ್ದೆಲ್ಲ ಹೊರಗೆ ಬಂದಿತ್ತು" ಅಂದಳು. ಆ ಶಾಟಿನಲ್ಲಿ ನೀವು ಗೇಟಿನೊಳಗಿನ ನಾಯಿಯನ್ನು ಅಣಕಿಸುತ್ತಿದ್ದಿರಿ.

ಕೊನೆಗೆ ಬಸ್‌ಸ್ಟಾಪು ಬಂತು. ಅದರ ಮೊದಲ ತುಣುಕನ್ನು ನಾನೂ ಸರಿಯಾಗಿ ನೋಡಿರಲಿಲ್ಲ. ಆಕ್ಷನ್ ಅನ್ನುವ ಮೊದಲಿನ ಭಾಗವನ್ನು ಯಾರೂ ನೋಡುವುದಿಲ್ಲ. ಕತ್ತರಿಸಲೆಂದೇ ಇರುವ ಭಾಗ ಅದು. ಹುಡುಗಿ ಕ್ಯಾಮೆರಾ ಶುರು ಮಾಡಿ ಬಿಟ್ಟಿದ್ದಾಳೆ. ನೀವು ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೀರಿ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಚೀಲದ ಹಿಡಿಯನ್ನು ಹಿಂಡುತ್ತಿದೆ. ಕಣ್ಣು ಮುಚ್ಚಿದ್ದೀರಿ. ತುಟಿ ಬಿಳಿಚಿಕೊಂಡಿದೆ. ಚೌಕಟ್ಟಿನ ಹೊರಗೆ ಎಲ್ಲೋ ನನ್ನ ದನಿ ಹುಡುಗಿಗೆ ಏನೋ ಪ್ರಾಸ ಹೇಳಿ ನಗಿಸುತ್ತಿದೆ. ಬಹಳ ಹೊತ್ತು ನೀವು ಹಾಗೇ ಇದ್ದೀರಿ. ಆಮೇಲೆ ನಾನು ಕೂಗುತ್ತೇನೆ, ಭಾವ, ರೆಡಿನಾ? ನೀವು ಕಣ್ಣು ತೆರೆಯುತ್ತೀರಿ. ಕಂಬ ಹಿಡಿದು ಏಳುತ್ತೀರಿ. ಅಂಗಿಯ ಎರಡೂ ಪಕ್ಕ ಎಳೆದು ನೇರ ಮಾಡಿಕೊಳ್ಳುತ್ತೀರಿ. ಮುಖವನ್ನೂ ಹಾಗೇ. "ಯಾವಾಗ್ಲೋ ರೆಡಿ. ನಿಂದೇ ಲೇಟು."

ಅಕ್ಕ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸು ಅಂದಳು. ಹಿಂದಕ್ಕೆ ಹೋಗು ಅಂದಳು. ನೀವು ಕಣ್ಣು ಮುಚ್ಚಿ ಕೂತಿರುವಲ್ಲಿಗೆ ತಂದು ನಿಲ್ಲಿಸಿದೆ. ಅವಳು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಹೋದಳು.

"ಮನೇಲೂ ಹೀಗೇ ಕೂತಿರ್ತಿದ್ರು ಅಂತ ಕಾಣುತ್ತೆ," ಅಂದಳು. "ನಾನು ಒಳಗೆ ಕಾಲಿಟ್ಟ ತಕ್ಷಣ ಎದ್ದುಬಿಡೋರು. ಅಂಗಿ ಎಳ್ಕೊಂಡು ನಿಂತಿದ್ದಷ್ಟೇ ನಾನು ನೋಡಿದ್ದು. ಕೂತಿದ್ದು ನೋಡೇ ಇಲ್ಲ. ಮುಚ್ಚಿಡೋದು ಏನಿದೆ ಅಂದೆನಲ್ಲ ಈಗ... ನನ್ನಿಂದ್ಲೂ ಮುಚ್ಚಿಟ್ರು."

ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ ಭಾವ. ನೀವು ಹೋದ ದಿನವೂ ಅತ್ತಿರಲಿಲ್ಲ, ನೆಂಟರೆಲ್ಲ ಅದನ್ನೇ ಮಾತಾಡಿಕೊಂಡರು. ಆಗ ಅತ್ತಳು. ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು. ಹೊರಡುವಾಗ ಕಣ್ಣೊರೆಸಿಕೊಂಡು, "ಇದನ್ನ ಸೇರ್ಸು. ಇದೇ ಮೊದ್ಲು ಬರ್ಲಿ" ಅಂದಳು.

ನಾನು ಕೇಳಬೇಕಾದದ್ದು ಇದೇ. ನಾಳೆ ಮಧ್ಯಾಹ್ನ ಹೋಗಿ ನನ್ನ ಪಕ್ಕದ ಹೊಲಿಗೆಗಳನ್ನೆಲ್ಲ ಬಿಚ್ಚುತ್ತೇನೆ. ಮುಖ ಇದ್ದಲ್ಲಿ ಮುಖವನ್ನೇ ಇಡುತ್ತೇನೆ, ಸೊರಗಿದ್ದರೆ ಸೊರಗಿದ್ದು. ನೀವು ಕೂತಿರುವುದರಿಂದ ಶುರುವಾಗುತ್ತದೆ; ಎದ್ದು, ಅಂಗಿ ಎಳೆದುಕೊಂಡು, ಮನೆ ಕೇಳಲು ಹೊರಡುತ್ತೀರಿ. ಆಮೇಲೆ ಬಾಗಿಲು ಬಾಗಿಲಿಗೂ ಮೈ ತುಂಬಿಕೊಳ್ಳುತ್ತೀರಿ. ಯಾರಾದರೂ ನಕ್ಕರೆ ನಗಲಿ ಎನ್ನಬಹುದಿತ್ತು, ಆದರೆ ನಗಲು ಯಾರೂ ಇರುವುದಿಲ್ಲ. ಮೇಷ್ಟ್ರಿಗಿಲ್ಲ, ಸ್ಪರ್ಧೆಗಿಲ್ಲ. ನೋಡುವವಳು ಒಬ್ಬಳೇ. ನೀವು ಮುಚ್ಚಿಟ್ಟದ್ದನ್ನು ತೆರೆಯುತ್ತಿದ್ದೇನೆ ಎನ್ನುವುದು ನನಗೆ ಗೊತ್ತು. ನೀವಿದ್ದಿದ್ದರೆ ಒಪ್ಪುತ್ತಿರಲಿಲ್ಲ ಎನ್ನುವುದೂ ಗೊತ್ತು. ನಿಮ್ಮ ಮಾತು ಮೀರಬೇಕೋ ಅವಳ ಮಾತು ಮೀರಬೇಕೋ ಎಂದು ವಾರವಿಡೀ ಪ್ರೆಸ್ಸಿನಲ್ಲಿ ಯಾರದೋ ಕರಡಿನ ಮುಂದೆ ಕೂತು ಯೋಚಿಸಿದೆ. ಉಳಿದಿರುವವಳು ಅವಳು. ಅವಳ ಮಾತೇ ಆಗಲಿ.

ನಿಮಗೆ ಸುತರಾಂ ಒಪ್ಪಿಗೆ ಇಲ್ಲದಿದ್ದರೆ ನಾಳೆಯೊಳಗೆ ಆ ಕಂಪ್ಯೂಟರನ್ನು ಕೆಡಿಸಿಬಿಡಿ. ಅದು ನಿಮ್ಮ ಸಹಾಯವಿಲ್ಲದೆಯೂ ವಾರಕ್ಕೊಮ್ಮೆ ಕೆಡುತ್ತದೆ, ಆದ್ದರಿಂದ ಅದನ್ನು ನಿಮ್ಮ ಉತ್ತರ ಎಂದು ನಾನು ಖಂಡಿತ ತಿಳಿದುಕೊಳ್ಳುವುದಿಲ್ಲ. ರಿಪೇರಿ ಮಾಡಿಸಿ ಮುಂದುವರಿಸುತ್ತೇನೆ. ಅರ್ಧಕ್ಕೆ ಬಿಡುವುದಿಲ್ಲ.

ಇರುವ ಕಡೆ ನಿಮಗೆ ಊಟ ಸೇರಲಿ ಭಾವ. ಅಂಗಿ ಬಿಗಿಯಾಗಲಿ.

ನಿಮ್ಮ ಭಾಮೈದ